ಣಕ್ಕೆ ಒತ್ತಿಲ್ಲ

ನನ್ನ ತಮ್ಮನನ್ನು ಬೀದಿಯವರೆಲ್ಲ ಸೋಮಾರಿ ಅಂತಲೇ ತಿಳಿದಿದ್ದರು. ಫ್ಯಾನು, ಮೋಟರು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿ ಅವನದು. ಅಕ್ಕಪಕ್ಕದವರು ಒಂಬತ್ತಕ್ಕೆ ಬಾಗಿಲು ತೆಗೆದರೆ ಇವನು ತೆಗೆಯುತ್ತಿದ್ದುದು ಮಧ್ಯಾಹ್ನ ಒಂದಕ್ಕೆ. ಕೇಳಿದವರಿಗೆ, ಬೆಳಿಗ್ಗೆ ಬೆಳಿಗ್ಗೆ ಯಾರು ಫ್ಯಾನು ಹೊತ್ತುಕೊಂಡು ಬರುತ್ತಾರೆ ಎಂದು ಹಲ್ಲು ಕಿರಿಯುತ್ತಿದ್ದ. ನಿಜ ಸಂಗತಿ ನನಗೊಬ್ಬಳಿಗೆ ಗೊತ್ತಿತ್ತು. ಹತ್ತರಿಂದ ಹನ್ನೆರಡರವರೆಗೆ ಅವನು ತನ್ನ ಫೋನನ್ನು ಚಾರ್ಜಿಗೆ ಹಾಕಿ, ಕಿಟಕಿ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲೇ ಕಾವಲು ಕೂತು, ಗೋಡೆಯಾಚೆ ಇದ್ದ ನಮ್ಮಣ್ಣನ ಕಂಪ್ಯೂಟರಿಗೆ ನೆಟ್ ಕೊಡುತ್ತಿದ್ದ. ಆ ಅಣ್ಣನ ಜೊತೆ ಅವನು ಮಾತು ಬಿಟ್ಟು ಆರು ವರ್ಷವಾಗಿತ್ತು.

ನಾನು ಇವರಿಬ್ಬರ ನಡುವಿನವಳು. ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬಟ್ಟೆಯಾದರೆ ಹರಿದ ಕಡೆ ಹೊಲಿಗೆ ಹಾಕಬಹುದು. ಇವರನ್ನು ಸೇರಿಸಿ ಹೊಲಿಯಲು ಹೋಗಿ ನನ್ನ ಬೆರಳಿಗೇ ಸೂಜಿ ಚುಚ್ಚಿಸಿಕೊಂಡದ್ದಾಯಿತು. ನನಗೆ ಬೇಕಾಗಿದ್ದುದು ಒಂದೇ. ಇಬ್ಬರಲ್ಲಿ ಒಬ್ಬ ಹೋಗುವ ಮೊದಲು ಒಂದು ಸಲ ಮುಖ ಕೊಟ್ಟು ಮಾತಾಡಲಿ ಎಂಬುದು.

ಅಣ್ಣ ಪುಸ್ತಕಗಳ ಕರಡು ತಿದ್ದುವವನು. ಅಚ್ಚಾಗುವ ಮುಂಚೆ ತಪ್ಪು ಹಿಡಿದು ಕೆಂಪು ಗುರುತು ಹಾಕುವುದು ಅವನ ಕೆಲಸ. ಅತ್ತಿಗೆ ತೀರಿಕೊಂಡ ಮೇಲೆ ಆ ಕೆಂಪು ಪೆನ್ನೇ ಅವನ ಸಂಸಾರ. ಅಂಗಡಿಯ ಬೋರ್ಡು, ಔಷಧಿ ಚೀಟಿ, ನನ್ನ ಅಳತೆ ಪುಸ್ತಕ, ಯಾವುದನ್ನೂ ಬಿಟ್ಟವನಲ್ಲ. ತಮ್ಮನಿಗೋ ಒತ್ತಕ್ಷರ ಅಂದರೆ ಹುಟ್ಟು ವೈರಿ. ಅದಕ್ಕಾಗಿಯೇ ಏಟು ತಿಂದೂ ತಿಂದೂ ಆರನೇ ತರಗತಿಗೆ ಶಾಲೆಗೆ ಕೈಮುಗಿದು ಬಂದ. ಸುಟ್ಟುಹೋದ ಮೋಟರಿಗೆ ಕಣ್ಣು ಮುಚ್ಚಿಕೊಂಡು ತಂತಿ ಸುತ್ತಬಲ್ಲವನು, 'ಅಮ್ಮ' ಎಂದು ಬರೆ ಅಂದರೆ 'ಅಮ' ಎಂದು ಬರೆಯುತ್ತಿದ್ದ.

ಜಗಳವಾದದ್ದೂ ಆ ಅಮ್ಮನ ವಿಷಯಕ್ಕೇ. ಅಮ್ಮ ತೀರಿಕೊಂಡಾಗ ನಂಟರಿಗೆ ಕಳಿಸಲು ಒಂದು ಕಾರ್ಡು ಅಚ್ಚು ಹಾಕಿಸಬೇಕಿತ್ತು. ತಮ್ಮ ಒಂದು ಸಂಜೆಯೆಲ್ಲ ಕೂತು ನಾಲ್ಕು ಸಾಲು ಬರೆದ. ಅಮ್ಮನ ಕೈ ಯಾವಾಗಲೂ ಬೆಚ್ಚಗಿರುತ್ತಿತ್ತು ಎಂಬಂಥ ಮಾತು. ಓದಿ ನನ್ನ ಕಣ್ಣು ತುಂಬಿ ಬಂತು. ಅಣ್ಣ ಓದಿದ, ಜೇಬಿನಿಂದ ಪೆನ್ನು ತೆಗೆದ. ಮನೆ ತುಂಬ ಜನ ಇರುವಾಗ ಹನ್ನೊಂದು ಕೆಂಪು ಸುತ್ತು ಹಾಕಿದ. ಯಾರೋ ಕಿಸಕ್ಕೆಂದು ನಕ್ಕರು. ತಮ್ಮ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

"ನಿನ್ನ ಅಮ್ಮನ ಬಗ್ಗೆ ನೀನೇ ಬರ್ಕೋ," ಎಂದ. "ನನ್ನ ಅಮ್ಮ ನನ್ನ ಹತ್ರ ಇರ್ತಾಳೆ."

ಮನೆ ಮೊದಲೇ ಎರಡು ಭಾಗವಾಗಿತ್ತು, ಆದರೆ ನಡುವೆ ಒಂದು ಬಾಗಿಲಿತ್ತು. ಮರುದಿನ ಆ ಬಾಗಿಲಿಗೆ ಅಡ್ಡವಾಗಿ ತಮ್ಮ ಕಬ್ಬಿಣದ ಬೀರು ತಳ್ಳಿಟ್ಟ.

ನೆಟ್ಟಿನ ಏರ್ಪಾಡು ಜಗಳಕ್ಕಿಂತ ಹಿಂದಿನದು. ನಮ್ಮ ಗಲ್ಲಿಗೆ ನೆಟ್ಟಿನ ತಂತಿ ಬಂದಿರಲಿಲ್ಲ. ಕರಡುಗಳು ಕಂಪ್ಯೂಟರಿಗೇ ಬರತೊಡಗಿದಾಗ ಅಣ್ಣ ಕಂಗಾಲಾದ. ಗುಂಡಿ ಒತ್ತುವ ಫೋನು ಬಿಟ್ಟು ಬೇರೆಯದನ್ನು ಜಪ್ಪಯ್ಯ ಅಂದರೂ ಮುಟ್ಟುವವನಲ್ಲ. ಆಗ ತಮ್ಮನೇ ಹಾಟ್‌ಸ್ಪಾಟ್ ಹಾಕಿ ತೋರಿಸಿ, ನಲ್ಲಿ ನಮ್ಮನೇಲಿ, ಪೈಪು ನಿಮ್ಮನೇಗೆ, ತಿರುಗಿಸೋದು ನನ್ನ ಕೆಲಸ ಎಂದು ವಿವರಿಸಿದ್ದ. ಬೀರು ಇಟ್ಟ ಮೇಲೆ ನಲ್ಲಿಯೂ ಬಂದ್ ಆಯಿತು ಎಂದುಕೊಂಡೇ ಅಣ್ಣ ಮಾರನೆಯ ಬೆಳಿಗ್ಗೆ ಕಂಪ್ಯೂಟರ್ ಹಾಕಿದ. ಹತ್ತು ಗಂಟೆಗೆ ಸರಿಯಾಗಿ ನೆಟ್ ಬಂತು. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ಕರೆ ಬಂದರೆ ನೆಟ್ ನಿಂತುಹೋಗುತ್ತದೆಂದು ಆ ಎರಡು ಗಂಟೆ ತಮ್ಮ ಯಾರ ಕರೆಯನ್ನೂ ಎತ್ತುತ್ತಿರಲಿಲ್ಲ, ನನ್ನದನ್ನೂ.

ಎರಡು ವರ್ಷದ ಕೆಳಗೆ ತಮ್ಮ ಹೊಸ ಫೋನು ಕೊಂಡ. ಅದರ ನೆಟ್ಟಿನ ಹೆಸರು ಅಂಕಿ ಅಕ್ಷರಗಳ ಕಲಸುಮೇಲೋಗರ. ಕಂಪ್ಯೂಟರಿನಲ್ಲಿ ಕಾಣುವ ಹತ್ತು ಹೆಸರುಗಳಲ್ಲಿ ತಮ್ಮನದು ಯಾವುದೆಂದು ಅಣ್ಣನಿಗೆ ತಿಳಿಯಲಿಲ್ಲ. ಕೇಳುವಂತಿಲ್ಲವಲ್ಲ. ತಮ್ಮನಿಗೆ ಅದು ಹೊಳೆದು ಫೋನಿನಲ್ಲಿ ತನ್ನ ನೆಟ್ಟಿನ ಹೆಸರು ಬದಲಿಸಿರಬೇಕು, ಸ್ವಲ್ಪ ಹೊತ್ತಿಗೆ ಆ ಪಟ್ಟಿಯಲ್ಲಿ ಹೊಸ ಹೆಸರೊಂದು ಮೂಡಿತು: 'ತಮ'. ಹಳೆಯ ಪಾಸ್‌ವರ್ಡೇ ಹಿಡಿಯಿತು.

ಅಲ್ಲಿಂದ ಶುರು. ಗೋಡೆಯಾಚೆ ಕೆಮ್ಮು ಕೇಳಿದರೆ ಹೆಸರು 'ಮಾತರೆ ತಗೋ' ಎಂದಾಗುತ್ತಿತ್ತು. ಅಣ್ಣ ಬಚ್ಚಲಲ್ಲಿ ನೀರು ಬಿಟ್ಟು ಮರೆತರೆ 'ನಲಿ ನಿಲಿಸು'. ಹೆಸರು ಬದಲಾದಾಗಲೆಲ್ಲ ಅಣ್ಣ ಮತ್ತೆ ಪಾಸ್‌ವರ್ಡ್ ಹಾಕಬೇಕು. ನನ್ನ ಹತ್ತಿರ ಗೊಣಗುವನು, ಆದರೆ ಮಾತ್ರೆ ನುಂಗುವನು, ನಲ್ಲಿ ನಿಲ್ಲಿಸುವನು. ಒಂದು ದಿನ ಅವನ ಮೇಜಿನ ಮೇಲೆ ಒಂದು ನೋಟುಪುಸ್ತಕ ಸಿಕ್ಕಿತು. ಆ ಹೆಸರುಗಳನ್ನೆಲ್ಲ ತಾರೀಕಿನ ಸಮೇತ ಬರೆದು, ಬಿಟ್ಟುಹೋದ ಒತ್ತುಗಳನ್ನು ಕೆಂಪಿನಲ್ಲಿ ಹಾಕಿದ್ದ. "ಇದೇನಣ್ಣ, ಪ್ರೇಮಪತ್ರ ಕೂಡಿಟ್ಟ ಹಾಗೆ ಇಟ್ಟಿದ್ದೀಯ" ಎಂದೆ. ನನ್ನ ಕೈಯಿಂದ ಕಿತ್ತುಕೊಂಡ.

ಅಣ್ಣ ತಿರುಗಿ ಏನೂ ಹೇಳುವ ಹಾಗಿರಲಿಲ್ಲ. ಆದರೂ ಅವನ ಉತ್ತರ ತಮ್ಮನಿಗೆ ಮುಟ್ಟುತ್ತಿತ್ತು. ಅಣ್ಣ ಪಾಸ್‌ವರ್ಡ್ ಹಾಕಿದ ಕೂಡಲೇ ತಮ್ಮನ ಫೋನಿನ ಮೇಲೆ 'ಒಂದು ಸಾಧನ ಸೇರಿದೆ' ಎಂದು ಬರುತ್ತಿತ್ತು. ಒಮ್ಮೆ ನನಗೆ ಅದನ್ನು ತೋರಿಸಿ, "ನೋಡಕ್ಕ, ಓದಿದ" ಎಂದಿದ್ದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿದ್ದು ಕಡಿಮೆ. ಇಬ್ಬರಿಗೂ ವಯಸ್ಸಾಯಿತು, ಬುದ್ಧಿ ಬರಲಿಲ್ಲ ಎಂದು ಬೈದುಕೊಂಡು ಮನೆಗೆ ಬಂದೆ. ಅಣ್ಣನಿಗೆ ಈ ಗುಟ್ಟು ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ.

ಆ ಮಂಗಳವಾರ ಹತ್ತಕ್ಕೆ ನೆಟ್ ಬಂತು. ಹತ್ತೂವರೆಗೆ ತಟ್ಟನೆ ಕಡಿದುಹೋಯಿತು. ಅಣ್ಣ ಗೊಣಗುತ್ತ ಪಟ್ಟಿ ತೆಗೆದ. ಐದು ನಿಮಿಷದ ಮೇಲೆ ಹೊಸ ಹೆಸರು ಬಂತು.

'ಅಣಾ ಬಾ.'

ಅವನ ಕಣ್ಣಿಗೆ ಮೊದಲು ಬಿದ್ದದ್ದು ತಪ್ಪು. ಣಕ್ಕೆ ಒತ್ತಿಲ್ಲ. ಆಮೇಲೆ ಅರ್ಥ ಹೊಳೆದು ಎದೆ ತುಂಬಿ ಬಂತಂತೆ. ಆರು ವರ್ಷದ ಮೇಲೆ ತಮ್ಮ ಕರೆಯುತ್ತಿದ್ದಾನೆ. ಹಾಗೆಂದು ಕರೆದ ತಕ್ಷಣ ಓಡುವುದೇ? ಹಿರಿಯನೆಂಬ ಬಿಗುಮಾನ ಬೇರೆ. ಹನ್ನೆರಡರೊಳಗೆ ಕರಡು ಮುಗಿಸಿ, ಅಚ್ಚುಕಟ್ಟಾಗಿ ಹೋಗೋಣ ಎಂದುಕೊಂಡ. ಪಾಸ್‌ವರ್ಡ್ ಹಾಕಿದ. ನೋಟುಪುಸ್ತಕದಲ್ಲಿ ಬರೆದುಕೊಂಡು ಕೆಂಪು ಒತ್ತು ಹಾಕಿದ. ತಮ್ಮ ಕರೆದ ಆ ನೆಟ್ಟಿನಲ್ಲೇ ಒಂದೂವರೆ ಗಂಟೆ ಕೂತು ಯಾರದೋ ಪುಸ್ತಕದ ತಪ್ಪು ತಿದ್ದಿದ. ಆಮೇಲೆ ಗಡ್ಡ ಹೆರೆದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟ.

ಒಂದು ಗಂಟೆಗೆ ನಾನು ಹೊಲಿಗೆ ಯಂತ್ರ ನಿಲ್ಲಿಸಿ ಫೋನು ನೋಡಿದರೆ ತಮ್ಮನ ಕರೆ ಬಂದಿತ್ತು, ಹತ್ತೂವರೆಗೆ. ಯಂತ್ರದ ಸದ್ದಿನಲ್ಲಿ ಕೇಳಿಸಿರಲಿಲ್ಲ. ಆ ಹೊತ್ತಿನಲ್ಲಿ ಅವನು ಸುತರಾಂ ಕರೆ ಮಾಡುವವನಲ್ಲ. ಒಬ್ಬನೇ ಇದ್ದ ಅವನ ಮನೆಯ ಇನ್ನೊಂದು ಬೀಗದ ಕೈ ಹಿಡಿದು ಓಡಿದೆ. ಅಲ್ಲಿ ಅಣ್ಣ ಗರಿಗರಿ ಅಂಗಿಯಲ್ಲಿ ತಮ್ಮನ ಬಾಗಿಲು ತಟ್ಟುತ್ತ ನಿಂತಿದ್ದ. ಮೂಗಿನ ತುದಿಯಲ್ಲಿ ಕೋಪ.

"ನೋಡೇ ಇವನ ಕೊಬ್ಬು," ಎಂದ. "ಬಾ ಅಂತ ಕರೆದು ಬಾಗಿಲು ಹಾಕ್ಕೊಂಡು ಕೂತಿದ್ದಾನೆ."

ಬಾಗಿಲು ತೆಗೆದೆ. ತಮ್ಮ ಕಿಟಕಿಯ ಕೆಳಗೆ ಗೋಡೆಗೆ ಒರಗಿ ಬಿದ್ದಿದ್ದ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಫೋನು. ಅದಿನ್ನೂ ಚಾರ್ಜಿನ ವಯರಿಗೆ ಅಂಟಿಕೊಂಡೇ ಇತ್ತು, ಮುಟ್ಟಿದರೆ ಸುಡುತ್ತಿತ್ತು. ಕಣ್ಣು ತೆರೆದಿದ್ದ. ಅಣ್ಣನನ್ನು ನೋಡಿದ, ಅವನ ಅಂಗಿಯನ್ನು ನೋಡಿದ. ನಾಲಿಗೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, ಹನ್ನೊಂದಕ್ಕೆ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಮಾರನೆಯ ದಿನ ಮಧ್ಯಾಹ್ನ ತಮ್ಮ ಹೋದ. ಅವರಿಬ್ಬರೂ ಒಂದು ಸಲ ಮಾತಾಡಲಿ ಎಂದು ನಾನು ಬಯಸಿದ್ದೆನಲ್ಲ, ಆ ಇಡೀ ದಿನ ಅಣ್ಣ ಮಂಚದ ಪಕ್ಕ ಕೂತು ಮಾತಾಡಿದ. ಕೇಳಿಸಿಕೊಳ್ಳುವವನಿಗೆ ಒಂದು ಹೂಂ ಅನ್ನಲೂ ಆಗಲಿಲ್ಲ.

ಫೋನು ನನ್ನ ಹತ್ತಿರವೇ ಉಳಿಯಿತು. ತೆಗೆದು ನೋಡಿದೆ. ಮೊದಲು ಅಣ್ಣನ ಗುಂಡಿ ಫೋನಿಗೆ ಎರಡು ಕರೆ. ಕೆಲಸದ ಹೊತ್ತಿನಲ್ಲಿ ಅವನು ಅದನ್ನು ಆರಿಸಿಡುತ್ತಾನೆ. ಆಮೇಲೆ ನನಗೊಂದು. ಹಾಗಾಗಿ ಅಣ್ಣನೊಬ್ಬನನ್ನೇ ಬೈಯಲು ನನಗೆ ಬಾಯಿಲ್ಲ. ಕೂಗಲು ದನಿಯಿಲ್ಲದೆ, ಕೊನೆಗೆ ಅವನು ಯಾವಾಗಲೂ ಮುಟ್ಟುವ ದಾರಿಯನ್ನೇ ಹಿಡಿದಿದ್ದ. ಎಡಗೈಯಲ್ಲಿ ಬರೆಯಲಾರದೆ ಒತ್ತು ಬಿಟ್ಟನೋ, ಎಂದಿನಂತೆ ಬಿಟ್ಟನೋ, ಯಾರು ಹೇಳಬೇಕು.

ಹದಿನೈದು ದಿನದ ಮೇಲೆ ಅಣ್ಣನ ಮನೆಗೆ ಹೋದೆ. ಬೀರು ಸರಿಸಿ ನಡುಬಾಗಿಲು ತೆಗೆದಿಟ್ಟಿದ್ದ. ಮೇಜಿನ ಮೇಲೆ ನೋಟುಪುಸ್ತಕ ತೆರೆದಿತ್ತು. ಕರಡು ತಿದ್ದುವವರಲ್ಲಿ ಒಂದು ಗುರುತಿದೆ. ತಿದ್ದಬಾರದ್ದನ್ನು ತಿದ್ದಿದ್ದರೆ ಆ ಪದದ ಕೆಳಗೆ ಚುಕ್ಕೆಗಳ ಸಾಲು ಹಾಕುತ್ತಾರೆ. ಇದ್ದಂತೆಯೇ ಇರಲಿ ಎಂದು ಅದರ ಅರ್ಥ. 'ತಮ'ದಿಂದ ಹಿಡಿದು 'ಅಣಾ ಬಾ'ವರೆಗೆ ಪ್ರತಿಯೊಂದು ಸಾಲಿನ ಕೆಳಗೂ ಅವನು ಚುಕ್ಕೆ ಹಾಕಿದ್ದ. ಕೆಂಪು ಪೆನ್ನು ಅಲ್ಲೆಲ್ಲೂ ಕಾಣಲಿಲ್ಲ.

"ನಿನಗೆ ಆ ಫೋನಿನ ವಿಷಯ ಗೊತ್ತಲ್ಲ, ಒಂದು ಮಾತು ಹೇಳು," ಎಂದ. "ನಾನು ಪಾಸ್‌ವರ್ಡ್ ಹಾಕಿದ್ದು ಅವನಿಗೆ ಅಲ್ಲಿ ಗೊತ್ತಾಗ್ತಿತ್ತಾ? ನಾನು ಓದಿದೆ ಅಂತ?"

ಅಂದು ಆ ಸುಡುವ ಫೋನನ್ನು ತಮ್ಮನ ಕೈಯಿಂದ ಬಿಡಿಸಿಕೊಂಡವಳು ನಾನು. ಪರದೆಯ ಮೇಲೆ 'ಒಂದು ಸಾಧನ ಸೇರಿದೆ' ಎಂದೇ ಇತ್ತು. ಅಣ್ಣ ಓದಿದ, ಇನ್ನೇನು ಬರುತ್ತಾನೆ ಎಂದು ಅವನು ಅಷ್ಟು ಹೊತ್ತೂ ಬಾಗಿಲ ಕಡೆ ನೋಡುತ್ತಿದ್ದಿರಬೇಕು.

"ಇಲ್ಲ ಅಣ್ಣ," ಎಂದೆ. "ಹಾಗೆಲ್ಲ ಏನೂ ಗೊತ್ತಾಗಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಊರವರ ತಪ್ಪನ್ನೆಲ್ಲ ಹಿಡಿದವನು, ನನ್ನನ್ನು ತಿದ್ದಲಿಲ್ಲ. ನೋಟುಪುಸ್ತಕ ಮುಚ್ಚಿ, ಕಾಫಿ ಕುಡೀತೀಯಾ ಎಂದು ಕೇಳಿದ.