ಶಾಖೆಯ ಗೋಡೆ ಕಟ್ಟಿದ ಗುರುಬಾಯಿ

ಕುರ್ಚಿಯಲ್ಲಿ ಕೂತ ಯಾರನ್ನೇ ಕಂಡರೂ ಗುರುಬಾಯಿ ಕೇಳುತ್ತಿದ್ದ ಮೊದಲ ಮಾತು ಒಂದೇ: "ನಿಮ್ಮನ್ನ ಯಾರ ಆರಿಸ್ಯಾರ್ರೀ?" ಸೊಸೈಟಿಯ ಸೆಕ್ರೆಟರಿ, ಗಣಪತಿ ಮಂಡಳದ ಅಧ್ಯಕ್ಷ, ಯಾರಿಗೂ ವಿನಾಯಿತಿ ಇರಲಿಲ್ಲ. ಒಮ್ಮೆ ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಅಪ್ಪಣೆ ಕೊಡುತ್ತಿದ್ದವಳನ್ನೂ ಹೀಗೆಯೇ ಕೇಳಿ, ಡೊಂಬಿವಲಿಯಿಂದ ಠಾಣೆ ನಗರದವರೆಗೆ ಜಗಳವಾಡಿದ್ದರಂತೆ.

ಇಂಡಿ ಕಡೆಯಿಂದ ಗಂಡನ ಜೊತೆ ಡೊಂಬಿವಲಿ ಪಕ್ಕದ ಕಲ್ಯಾಣಕ್ಕೆ ಬಂದು ಇಟ್ಟಿಗೆ ಹೊತ್ತವರು. ಜೊತೆಯಲ್ಲಿ ದುಡಿಯುತ್ತಿದ್ದ ಹೆಂಗಸರೇ ಅವರನ್ನು ತಮ್ಮ ಮುಂದಾಳು ಮಾಡಿಕೊಂಡಿದ್ದರು. ನಾನು ಉಡುಪಿ ಕಡೆಯವನು, ಡೊಂಬಿವಲಿಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದೆ. ನಮ್ಮಿಬ್ಬರನ್ನು ಒಂದೇ ಚಾಪೆಯ ಮೇಲೆ ಕೂರಿಸಿದ್ದು ಪಕ್ಷ. ಅದರ ಹೆಸರು ಇಲ್ಲಿ ಬೇಡ. ರಾಜ್ಯದ ಗಡಿಯಾಚೆ ಯಾರೂ ಕೇಳದ, ಆದರೆ ನಮ್ಮ ಬಸ್ತಿಯ ಓಣಿ ಓಣಿಗೂ ನೀರಿನ ನಳ ಹಾಕಿಸಿಕೊಟ್ಟ ಸಣ್ಣ ಪಕ್ಷ ಅದು. ಪಕ್ಷದ ಅಲ್ಲಿನ ಶಾಖೆಯ ಕೋಣೆಗೆ ಗೋಡೆ ಎಬ್ಬಿಸಿದ್ದು ಗುರುಬಾಯಿ ಮತ್ತು ಅವರ ಹೆಂಗಸರು, ತಮ್ಮ ರಜೆಯ ಭಾನುವಾರಗಳಲ್ಲಿ.

ಮೊದಲ ಶಾಖಾಪ್ರಮುಖನನ್ನು ಆರಿಸಿದ್ದು ಅದೇ ಕೋಣೆಯಲ್ಲಿ. ತರಕಾರಿ ಮಾರುವವನೊಬ್ಬ, ರಿಕ್ಷಾ ಓಡಿಸುವವನೊಬ್ಬ, ಇಬ್ಬರು ನಿಂತಿದ್ದರು. ನಾವೆಲ್ಲ ಕೈ ಎತ್ತಿದೆವು. ಗುರುಬಾಯಿ ಎರಡೆರಡು ಸಲ ಎಣಿಸಿದರು. ಅವರ ಕಡೆಯ ರಿಕ್ಷಾದವ ಒಂದೇ ಒಂದು ಮತದಿಂದ ಸೋತ. "ಸೋತ್ವಿ. ಆದ್ರ ನಮ್ಮ ಕಣ್ಣ ಮುಂದ ಸೋತ್ವಿ" ಎಂದು ನಗುತ್ತಾ ಗೆದ್ದವನಿಗೆ ತಾವೇ ಹಾರ ಹಾಕಿದರು.

ಆಮೇಲೆ ಪಕ್ಷ ಬೆಳೆಯಿತು. ಎರಡನೆಯ ಪ್ರಮುಖನ ಹೆಸರು ಠಾಣೆಯ ಪಕ್ಷದ ಕಚೇರಿಯಿಂದ ಲಕೋಟೆಯಲ್ಲಿ ಬಂತು. ಮೂರನೆಯವನದು ಫೋನಿನಲ್ಲಿ. ಕೈ ಎತ್ತುವುದು ಹೋಗಿ ಚಪ್ಪಾಳೆ ತಟ್ಟುವುದು ರೂಢಿಯಾಯಿತು. ಪ್ರತಿ ಸಲವೂ ಗುರುಬಾಯಿ ತಮ್ಮ ಪ್ರಶ್ನೆ ಕೇಳುತ್ತಿದ್ದರು, ಪ್ರತಿ ಸಲವೂ ಜನ ನಕ್ಕು ಸುಮ್ಮನಾಗುತ್ತಿದ್ದರು. ಅಷ್ಟರಲ್ಲಿ ನಾನು ಶಾಖೆಯ ಕಾರ್ಯದರ್ಶಿಯಾಗಿದ್ದೆ, ಸಭೆಯ ನಡಾವಳಿ ಬರೆಯುವವನು.

ನಾಲ್ಕನೆಯ ಸಲ ಜಿಲ್ಲೆಯ ನಾಯಕರು ತಮ್ಮ ತಮ್ಮನ ಮಗನನ್ನೇ ಕರೆತಂದರು. ದೂರದ ಖಾರಘರದ ಹುಡುಗ. ನಮ್ಮ ಬಸ್ತಿಯ ದಾರಿ ಅವನಿಗೆ ಡ್ರೈವರ್ ತೋರಿಸಬೇಕಿತ್ತು. ಹೂಗುಚ್ಛ ಕೈ ಬದಲಾಗುವಷ್ಟರಲ್ಲಿ ಗುರುಬಾಯಿ ಎದ್ದು ನಿಂತರು.

"ಸಾಹೇಬ್, ಇಸ್ಕೋ ಕಿಸ್ನೇ ಚುನಾ?" ಅದೇ ಪ್ರಶ್ನೆ, ಈ ಸಲ ಹಿಂದಿಯಲ್ಲಿ.

ನಾಯಕರು ನಕ್ಕರು. "ಮಾವ್ಶೀ, ಪಾರ್ಟಿ ಅಪನಾ ಪರಿವಾರ್ ಹೈ. ಬೈಠೋ." ಪಕ್ಷ ನಮ್ಮದೇ ಕುಟುಂಬವಂತೆ, ಚಿಕ್ಕಮ್ಮ ಕೂರಬೇಕಂತೆ.

"ಪರಿವಾರ್ ತುಮ್ಹಾರಾ," ಎಂದರು ಗುರುಬಾಯಿ, ಗೋಡೆಗೆ ಅಂಗೈ ಬಡಿದು, "ದೀವಾರ್ ಹಮಾರೀ!" ಮತ್ತೆ ನಮ್ಮ ಕಡೆ ತಿರುಗಿ, "ಈ ಹುಡುಗ ಬ್ಯಾಡ ಅನ್ನಾವ್ರು ಕೈ ಎತ್ರಿ" ಎಂದು ತಮ್ಮ ಕೈ ಎತ್ತಿದರು.

ಅವರ ಹೆಂಗಸರು ನೆಲ ನೋಡಿದರು. ಅವರಿಗೆಲ್ಲ ಕೆಲಸ ಕೊಡುತ್ತಿದ್ದದ್ದು ನಾಯಕರ ಕಟ್ಟಡಗಳೇ; ಅವರ ಭಯ ನನಗೆ ಅರ್ಥವಾಗುತ್ತದೆ. ನನಗೇನಾಗಿತ್ತು? ಸಂಬಳ ಶಾಲೆಯದು, ಮನೆ ಸ್ವಂತದ್ದು. ಗುರುಬಾಯಿ ನನ್ನನ್ನೇ ನೋಡುತ್ತಿದ್ದರು. ನಾನು ತಲೆ ಬಗ್ಗಿಸಿ ಬರೆದೆ: 'ಸರ್ವಾನುಮತದಿಂದ ಆಯ್ಕೆ.' ಇಂದಿಗೂ ಆ ಪದ ಕಂಡರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಮರುದಿನದಿಂದ ಅವರು ಶಾಖೆಯ ಮೆಟ್ಟಿಲು ಹತ್ತಲಿಲ್ಲ. ಮಂಡಿನೋವು ಹೆಚ್ಚಾಗಿ ಉಲ್ಹಾಸನಗರದ ಮಗಳ ಮನೆ ಸೇರಿದರು. ಎರಡು ವರ್ಷ ತಡವಾಗಿ ನಾನೂ ರಾಜೀನಾಮೆ ಕೊಟ್ಟು, ಅದನ್ನು ಹೇಳಲು ಅಲ್ಲಿಗೆ ಹೋದೆ.

"ಅಕ್ಕಾ, ನಾನು ಪಕ್ಷ ಬಿಟ್ಟೆ."

"ಬಿಟ್ರೇನ? ಛಲೋ ಆತು." ಚಹಾದ ಲೋಟ ನನ್ನತ್ತ ಸರಿಸಿದರು. "ಅವತ್ತ ಇನ್ನೊಂದ ಕೈ ಸಾಕಿತ್ರೀ ಮಾಸ್ತರ. ಗೆಲ್ಲಾಕಲ್ಲ. ನಾ ಹುಚ್ಚಿ ಅಲ್ಲ ಅಂತ ನಂಗ ಗೊತ್ತಾಗಾಕ."

ಚಹಾ ಮುಗಿಸಿ, ಕ್ಷಮೆ ಕೇಳದೆಯೇ ಎದ್ದು ಬಂದೆ. ಅದೇ ಕೊನೆಯ ಭೇಟಿ.

ಹೋದ ತಿಂಗಳು ಅವರು ತೀರಿಕೊಂಡರು. ಶಾಖೆಯ ಎದುರು ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿದ್ದರು. ಅದರ ತುಂಬ ದೊಡ್ಡ ಫೋಟೋಗಳಲ್ಲಿ ನಾಯಕರು, ಅವರ ತಮ್ಮ, ಆ ಹುಡುಗ, ಈಗ ಹುಡುಗನ ಹೆಂಡತಿಯೂ, ಎಲ್ಲರೂ ಕೈ ಮುಗಿದು ನಗುತ್ತಿದ್ದರು. ಕೆಳಗಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ಗುರುಬಾಯಿ. 'ಪಕ್ಷದ ನಿಷ್ಠಾವಂತ ಕಾರ್ಯಕರ್ತೆ.'

ನನ್ನ ಜೊತೆಗೆ ಬಂದಿದ್ದ ಗುರುಬಾಯಿಯ ಮಗಳು ನನ್ನ ತೋಳು ಹಿಡಿದಳು. "ಸರ್, ಯೇ ನಿಕಾಲ್ನೇ ಕೋ ಬೋಲೋ ನಾ."

ಬ್ಯಾನರ್ ತೆಗೆಯಿರೆಂದು ಬಾಗಿಲಲ್ಲಿ ನಿಂತವರಿಗೆ ಹೇಳಿದೆ. ಸಾಹೇಬರನ್ನು ಕೇಳಬೇಕು ಎಂದರು. ನಾನು ಯಾರನ್ನೂ ಕೇಳಲಿಲ್ಲ. ಒಳಗಿನಿಂದ ಸ್ಟೂಲು ಎಳೆದು ತಂದು, ಹತ್ತಿ, ಹಗ್ಗ ಬಿಚ್ಚಿದೆ. ಇಡೀ ಪರಿವಾರ ಮಡಚಿಕೊಂಡು ಗಟಾರದ ಬದಿಗೆ ಬಿತ್ತು. ಮಗಳು ಬಗ್ಗಿ, ತಾಯಿಯ ಮುಖವಿದ್ದ ಮೂಲೆಯನ್ನಷ್ಟೇ ಹರಿದುಕೊಳ್ಳಲು ನೋಡಿದಳು. ಅಷ್ಟು ಚಿಕ್ಕದನ್ನು ಎಲ್ಲಿ ಹಿಡಿದು ಹರಿಯಬೇಕೋ ಅವಳಿಗೆ ತಿಳಿಯಲಿಲ್ಲ.