ಹಾಲ್‌ಗೆ ಬಂದ ಬಂಡೆ

ಊರ್ಡಿಗೆರೆ ಹತ್ತಿರ ಬೆಟ್ಟದ ಬುಡದಲ್ಲಿ ನಾವು ಕೊಂಡ ಸೈಟಿನ ನಡುವೆ ದೊಡ್ಡದೊಂದು ಬಂಡೆ ಇತ್ತು. ತುಮಕೂರಿನ ಕಾಲೇಜಿನಲ್ಲಿ ಪಾಠ ಹೇಳುವ ನಾನು ಆ ಬಂಡೆಯನ್ನು ನೋಡಿಯೇ ಜಾಗ ಒಪ್ಪಿದ್ದೆ. ನನ್ನ ಗಂಡ ಒಪ್ಪಿದ್ದು, ಅದನ್ನು ತೆಗೆಸಬಹುದು ಎಂದುಕೊಂಡು.

ಗಾರೆ ಮೇಸ್ತ್ರಿ ಬಂಡೆಗೆ ಒಂದು ಸುತ್ತು ಬಂದರು. "ಒಡ್ಸಿಬುಡಣ ಮೇಡಂ. ಸೈಟು ಅಂಗೈಯಂಗೆ ಮಟ್ಟ ಆಯ್ತದೆ," ಎಂದರು.

"ಬೇಡ. ಮನೇನೇ ಅದಕ್ಕೆ ಹೊಂದ್ಕೊಂಡು ಬರ್ಲಿ," ಎಂದೆ.

ನಕ್ಷೆ ಹಾಕಿದ ಆರ್ಕಿಟೆಕ್ಟ್ ಹುಡುಗಿ ನನ್ನ ಪಕ್ಷ ವಹಿಸಿದಳು. ಹಾಲ್‌ನ ಬೆಟ್ಟದ ಕಡೆಗೆ ಗೋಡೆಯ ಬದಲು ಗಾಜು ಹಾಕಿಸಿ, ಬಂಡೆಯ ಅರ್ಧ ಭಾಗ ಒಳಗೆ, ಇನ್ನರ್ಧ ಹೊರಗೆ ಇರುವಂತೆ ಮಾಡಿದಳು. ಗೃಹಪ್ರವೇಶಕ್ಕೆ ಬಂದವರೆಲ್ಲ ಅದನ್ನು ಮುಟ್ಟಿ ನೋಡಿಯೇ ಊಟಕ್ಕೆ ಕೂತರು.

ಮೊದಲ ಮಳೆ ಬಂದ ಸಂಜೆ ಬಂಡೆಯ ಬಿರುಕಿನಿಂದ ನೀರು ಹಾಲ್‌ಗೆ ನುಗ್ಗಿತು. ಗಂಡ ಬಕೆಟ್ಟು, ಬಟ್ಟೆ ಹಿಡಿದು ಓಡಿ ಬಂದರು.

"ಅವತ್ತೇ ಹೇಳಿದ್ದೆ. ಈಗ ಮನೆಯೊಳಗೇ ಕೆರೆ ಕಟ್ಕೊಂಡು ಕೂತ್ಕೊ."

ಸಿಟ್ಟು ಬಂತು. ಆದರೂ ನೀರನ್ನೇ ನೋಡುತ್ತ ನಿಂತೆ. ಅದು ಎಲ್ಲೆಂದರಲ್ಲಿ ಹರಡುತ್ತಿರಲಿಲ್ಲ. ಒಂದೇ ಕಡೆ ಇಳಿದು, ಒಂದೇ ಜಾಡಿನಲ್ಲಿ ಹಿತ್ತಿಲ ಗೋಡೆಯತ್ತ ಹೋಗುತ್ತಿತ್ತು.

"ರೀ, ಒರೆಸ್ಬೇಡಿ, ಸ್ವಲ್ಪ ತಾಳಿ," ಎಂದು ಅಡುಗೆಮನೆಯಿಂದ ಚಮಚಗಳನ್ನು ತಂದು ನೀರಿನ ಎರಡೂ ಅಂಚಿಗೆ ಗುರುತಿಗೆಂದು ಸಾಲಾಗಿ ಇಟ್ಟೆ. ಅವರು ಬಕೆಟ್ಟು ಕೆಳಗಿಟ್ಟರು.

ಬೆಳಿಗ್ಗೆ ಮೇಸ್ತ್ರಿ ಬಂದು ಚಮಚಗಳ ಸಾಲನ್ನು ನೋಡಿ ನಕ್ಕರು.

"ಬಿರುಕು ಮುಚ್ಚಿದ್ರೆ ಇನ್ನೊಂದ್ ಕಡೆಯಿಂದ ಬತ್ತದೆ ಮೇಡಂ. ನೀರೇ ದಾರಿ ತೋರ್ಸೈತಲ್ಲ, ಅಲ್ಲೇ ಕಾಲುವೆ ತೆಗ್ಯಣ."

ಚಮಚಗಳ ನಡುವೆ ನೆಲವನ್ನು ಒಂದು ಗೇಣು ಅಗಲಕ್ಕೆ ಕೊರೆದು, ಕಪ್ಪು ಕಲ್ಲು ಕೂರಿಸಿ, ಗೋಡೆಯ ಬುಡದಲ್ಲಿ ಕಿಂಡಿ ಬಿಟ್ಟರು. ಆಚೆ ಕಡೆ ನಾನು ಎರಡು ಬಾಳೆ ಕಂದು ನೆಟ್ಟೆ.

ಮತ್ತೆ ಮಳೆ ಬಂದಾಗ ನಾವಿಬ್ಬರೂ ಹಾಲ್‌ನಲ್ಲೇ ಕಾದು ಕೂತೆವು. ನೀರು ಬಂಡೆಯ ಮೈಮೇಲೆ ಇಳಿದು ಕಾಲುವೆಗೆ ಬಿತ್ತು, ಒಂದು ಹನಿಯೂ ಆಚೀಚೆ ಹೋಗದೆ ಹಿತ್ತಿಲಿಗೆ ಹರಿಯಿತು. ಗಂಡ ಮೊದಲು ಕಾಲು ಮೇಲೆತ್ತಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಪ್ಯಾಂಟು ಮಡಚಿ, ಎರಡೂ ಪಾದಗಳನ್ನು ನೀರಿಗಿಟ್ಟರು.

"ತಣ್ಣಗಿದೆ ಕಣೇ," ಎಂದರು. "ನೀನೂ ಬಾ."

ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.