ಬೂದಿಯಲ್ಲಿ ತೊಳೆದ ಬಾಟಲಿ

ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಬಲಗೈಯ ಎರಡು ಬೆರಳುಗಳು ಆಸಿಡ್ ತಾಗಿ ತಾಗಿ ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಒಂದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಕೆಜಿಎಫ್‌ನ ಕಾಲೇಜಿನ ಲ್ಯಾಬಿನಲ್ಲಿ, ಆ ಬೆರಳುಗಳಲ್ಲೇ ಅವರು ಕೋರ್ಟಿನ ಸಮನ್ಸ್ ಹಿಡಿದು ಓದಿದರು. ಎಂಬತ್ತರ ದಶಕದ ಮಾತು. ಕ್ಯಾಸಂಬಳ್ಳಿ ಕಡೆಯ ಒಂದು ಊರಿನ ಬಾವಿಗೆ ಚರ್ಮ ಹದ ಮಾಡುವ ಕಾರ್ಖಾನೆಯ ಕ್ರೋಮಿಯಂ ಸೇರಿದೆ, ಆ ನೀರು ಕುಡಿಯಬೇಡಿ ಎಂದು ಅವರು ಕಾಲೇಜಿನ ಪತ್ರಿಕೆಯಲ್ಲಿ ಬರೆದಿದ್ದರು. ಕಾರ್ಖಾನೆಯ ಮಾಲೀಕ ಮಾನನಷ್ಟದ ಕೇಸು ಹಾಕಿದ್ದ.

"ಎದರ್ಕೋಬೇಡ ಕಣ್ಲಾ. ನೀರು ಸುಳ್ಳೇಳಲ್ಲ," ಎಂದರು ನನಗೆ. ಪರೀಕ್ಷೆಗೆಂದು ಆ ಬಾವಿಯ ನೀರು ತರಲು ಅವರ ಜೊತೆ ಹೋಗಿದ್ದವನು ನಾನೊಬ್ಬನೇ; ಅವರ ಪರ ಸಾಕ್ಷಿಯೂ ನಾನೊಬ್ಬನೇ.

ನೀರು ತರಲು ಹೋದ ದಿನ ಬಾವಿಯ ಬಳಿ ಒಬ್ಬ ಅಜ್ಜಿ, ಮೇಷ್ಟ್ರಿಗೆ ಕೊಳೆ ಬಾಟಲಿಯಲ್ಲಿ ನೀರು ಕೊಡಬಾರದೆಂದು, ನಮ್ಮದೊಂದು ಬಾಟಲಿಯನ್ನು ಬೂದಿ ಹಾಕಿ ಉಜ್ಜಿ ತೊಳೆದು ತುಂಬಿಕೊಟ್ಟಿದ್ದಳು. ಮೇಷ್ಟ್ರು ಕೈಮುಗಿದು ತೆಗೆದುಕೊಂಡರು. ಬೂದಿ ತಾಗಿದರೆ ಪರೀಕ್ಷೆ ಕೆಡುತ್ತದೆಂದು, ಆಕೆ ಮರೆಯಾದ ಮೇಲೆ ಅದನ್ನು ಚೆಲ್ಲಿ, ಲ್ಯಾಬಿನಿಂದ ತಂದಿದ್ದ ಬೇರೆ ಬಾಟಲಿ ತುಂಬಿದರು. "ಅವಳೆದ್ರಿಗೆ ಚೆಲ್ಲಿದ್ರೆ ನೊಂದ್ಕೋತಾಳೆ," ಎಂದಿದ್ದರು. ಅಜ್ಜಿಯೋ ತಾನು ಬಾಟಲಿ ತೊಳೆದದ್ದನ್ನು ಊರಿಗೆಲ್ಲ ಹೇಳಿಕೊಂಡಳು.

ಸಾಕ್ಷಿ ಹೇಳುವ ದಿನ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಾರ್ಖಾನೆಯ ಮೇನೇಜರ್ ನನ್ನ ಹೆಗಲ ಮೇಲೆ ಕೈ ಹಾಕಿದ. "ನಿಮ್ಮಣ್ಣ ನಮ್ ಲಾರೀನೇ ಅಲ್ವೇನ್ಲಾ ಓಡ್ಸೋದು? ನಾಳೆ ಘಾಟಿ ಇಳೀಬೇಕು ಅವ್ನು. ಬ್ರೇಕು ಇಡೀತದೋ ಇಲ್ವೋ, ನಿನ್ ಬಾಯಲ್ಲೈತೆ."

ಕಟಕಟೆಯಲ್ಲಿ ಮಾಲೀಕನ ವಕೀಲ ಕೇಳಿದ: "ಬಾಟಲಿಗೆ ಬೂದಿ ಹಾಕಿ ಉಜ್ಜಿದ್ದು ನಿಜಾನಾ?"

"ನಿಜ."

"ಬೇರೆ ಬಾಟಲಿ ತುಂಬಿದ್ದನ್ನ ನೋಡಿದೆಯಾ?"

"ನೆನಪಿಲ್ಲ."

"ನೋಡಿ ಸ್ವಾಮಿ, ಬೂದಿ ವಿಜ್ಞಾನಿ!" ಎಂದ ವಕೀಲ. ಎಲ್ಲರೂ ನಕ್ಕರು. ಮೇಷ್ಟ್ರು ತಮ್ಮ ಹಳದಿ ಬೆರಳುಗಳನ್ನೇ ನೋಡುತ್ತ ನಿಂತಿದ್ದರು.

ಅವರ ಕೆಲಸ ಹೋಯಿತು. ಜೈಲು ತಪ್ಪಲು ಕ್ಷಮಾಪಣೆ ಬರೆದುಕೊಟ್ಟರು. ಮೇನೇಜರ್ ಅದನ್ನು ಅಚ್ಚು ಹಾಕಿಸಿ ಅದೇ ಬಾವಿಯ ಕಟ್ಟೆಗೆ ಅಂಟಿಸಿದ. ಕೈತುಂಬ ಹುಣ್ಣಾಗಿದ್ದ ಅಜ್ಜಿ ಅದರ ಪಕ್ಕದಲ್ಲೇ ನೀರು ಸೇದಿ ಕುಡಿದಳು.

ಆಂಡರ್ಸನ್‌ಪೇಟೆಯಲ್ಲಿ ಸಿಕ್ಕಾಗಲೆಲ್ಲ ಮೇಷ್ಟ್ರು ಒಂದೇ ಮಾತು ಕೇಳುತ್ತಿದ್ದರು: "ನಿಮ್ಮಣ್ಣ ಚೆನ್ನಾಗವ್ನೇನ್ಲಾ?" ಬಸ್ ಸ್ಟ್ಯಾಂಡಿನ ಬೆದರಿಕೆಯನ್ನು ಅವರಿಗೆ ಯಾರು ಹೇಳಿದ್ದರೋ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೆಗಲ ಮೇಲೆ ಮೇನೇಜರನ ಆ ಕೈ ಬಿದ್ದಂತಾಗಿ ವರ್ಷಗಟ್ಟಲೆ ನಿದ್ದೆಯಿಂದ ಬೆಚ್ಚಿ ಏಳುತ್ತಿದ್ದೆ.

ಮೇಷ್ಟ್ರನ್ನು ಮಣ್ಣು ಮಾಡಿ ಬಂದ ದಿನ ಬೆಳಗಿನವರೆಗೂ ಒಂದೇ ನಿದ್ದೆ ಮಾಡಿದೆ. ಬೇರೆ ಬಾಟಲಿ ತುಂಬಿದ್ದನ್ನು ಕಂಡವರು ನಾವಿಬ್ಬರೇ ಇದ್ದೆವು.